ತೆರೆಯ ಲೆಕ್ಕ, ತೇವದ ಲೆಕ್ಕ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಗದ್ದನಕೇರಿ ಕ್ರಾಸ್ ದಾಟಿ ಬೀಳಗಿ ಕಡೆ ಹೋದರೆ ಅನಗವಾಡಿ ಸೇತುವೆ ಬರುತ್ತದೆ. ಆಲಮಟ್ಟಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದ ತಿಂಗಳುಗಳಲ್ಲಿ ಈ ಸೇತುವೆಯ ಕೆಳಗಿನ ಘಟಪ್ರಭೆ ಹರಿಯುವ ಹೊಳೆಯಾಗಿ ಉಳಿದಿರುವುದಿಲ್ಲ. ಹಿನ್ನೀರು ಹೊಲಗಳ ಅಂಚಿನವರೆಗೂ ಹಬ್ಬಿ ನಿಂತಿರುತ್ತದೆ. ಮುಂಗಾರಿನ ಪಡುವಣ ಗಾಳಿ ಬಲವಾದ ದಿನ ಅಲ್ಲಿ ತೆರೆ ಏಳುವುದನ್ನು ಆ ಸೀಮೆಯವರೆಲ್ಲ ಕಂಡಿದ್ದಾರೆ. ಆ ತೆರೆ ಎಷ್ಟು ಎತ್ತರ ಏಳಬಹುದು ಎನ್ನುವುದನ್ನು ದಂಡೆಗೆ ಹೋಗದೆಯೂ ಲೆಕ್ಕ ಹಾಕಬಹುದು.

ಲೆಕ್ಕಕ್ಕೆ ಬೇಕಾದುದು ಮೂರು: ಗಾಳಿಯ ವೇಗ, ಅದು ಎಷ್ಟು ಹೊತ್ತು ಬೀಸಿತು, ಅದರ ಮುಂದೆ ಅಡೆತಡೆ ಇಲ್ಲದ ನೀರು ಎಷ್ಟು ಉದ್ದ ಇದೆ. ಗಂಟೆಗೆ 36 ಕಿ.ಮೀ. ಗಾಳಿ ಐದು ಕಿ.ಮೀ. ಬಯಲು ನೀರಿನ ಮೇಲೆ ಒಂದೇ ಸಮನೆ ಬೀಸಿತು ಎನ್ನೋಣ. ತೆರೆಯ ಎತ್ತರ ಸುಮಾರು 35 ಸೆಂಟಿಮೀಟರ್ ಬರುತ್ತದೆ. ಒಂದು ತೆರೆ ಹೋಗಿ ಇನ್ನೊಂದು ಬರಲು ಎರಡೂ ಕಾಲು ಸೆಕೆಂಡು; ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ ಎಂಟು ಮೀಟರ್. ಅಣೆಕಟ್ಟಿನ ತಲೆ ನೀರಿನ ಮಟ್ಟಕ್ಕಿಂತ ಎಷ್ಟು ಮೇಲಿರಬೇಕು ಎಂದು ನಿರ್ಧರಿಸುವ ಎಂಜಿನಿಯರುಗಳೂ ಇದೇ ಲೆಕ್ಕ ಹಾಕುತ್ತಾರೆ. ಆಲಮಟ್ಟಿಯ ಮಟ್ಟ 524.256 ಮೀಟರಿಗೆ ಏರಿದರೆ ಬಯಲು ನೀರಿನ ಉದ್ದ ಹೆಚ್ಚುತ್ತದೆ, ಅದರ ಜೊತೆ ತೆರೆಯೂ ಒಂದಿಷ್ಟು ಬೆಳೆಯುತ್ತದೆ.

ಅರಬ್ಬಿ ಸಮುದ್ರದಲ್ಲಿ ಇದೇ ಗಾಳಿಗೆ ಸಿಗುವ ಬಯಲು ಸಾವಿರಾರು ಕಿಲೋಮೀಟರ್. ಅದಕ್ಕೇ ಮಳೆಗಾಲದಲ್ಲಿ ಕರಾವಳಿಯ ಆಚೆ ಮೂರು–ನಾಲ್ಕು ಮೀಟರ್ ಎತ್ತರದ ತೆರೆಗಳು ಏಳುತ್ತವೆ. ಅವುಗಳ ನಡುವಿನ ಅವಧಿ ಹತ್ತು ಸೆಕೆಂಡಿನ ಆಸುಪಾಸು. ಆಳ ನೀರಿನಲ್ಲಿ ತೆರೆಯ ಉದ್ದ ತಿಳಿಯುವುದು ಸುಲಭ: ಅವಧಿಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೆ 1.56ರಿಂದ ಗುಣಿಸಿದರೆ ಮೀಟರುಗಳಲ್ಲಿ ಉತ್ತರ ಸಿಗುತ್ತದೆ. ಹತ್ತು ಸೆಕೆಂಡಿನ ತೆರೆ 156 ಮೀಟರ್ ಉದ್ದ. ಅದು ಗಂಟೆಗೆ 56 ಕಿ.ಮೀ. ವೇಗದಲ್ಲಿ ಓಡುತ್ತದೆ. ಅಂಥ ನೂರಾರು ತೆರೆಗಳ ನಡುವೆ ಹತ್ತಾರು ಸಾವಿರ ಟನ್ನಿನ ಹಡಗು ಹೇಗೆ ಹೊರಳೀತು ಎಂಬ ಪ್ರಶ್ನೆಗೆ ಈಗ ಕಬ್ಬಿಣ ಕತ್ತರಿಸುವ ಮೊದಲೇ ಕಂಪ್ಯೂಟರ್ ಉತ್ತರ ಕೊಡುತ್ತದೆ. ಆ ಉತ್ತರವನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಕಲಿಸಿದ ಪಾಠಗಳಲ್ಲಿ ಒಂದು ಕರ್ನಾಟಕದ ಬಂದರಿನಲ್ಲೇ ನಡೆದಿದೆ.

ಮೊದಲು ಚಲನೆಯ ವಿಚಾರ. ನೀರಿನ ಮೇಲಿನ ಹಡಗಿಗೆ ಆರು ಬಗೆಯ ಓಡಾಟ ಉಂಟು. ಮುಂದೆ–ಹಿಂದೆ ಜಗ್ಗುವುದು, ಪಕ್ಕಕ್ಕೆ ಸರಿಯುವುದು, ಇಡೀ ಹಡಗು ಮೇಲೆದ್ದು ಕೆಳಗಿಳಿಯುವುದು. ಇವು ಮೂರು ಸರಿದಾಟ. ಎಡ–ಬಲಕ್ಕೆ ಹೊರಳುವುದು, ಮೂತಿ ಏಳುತ್ತ ಬೀಳುತ್ತ ಹೋಗುವುದು, ಮೂತಿಯ ದಿಕ್ಕೇ ತಪ್ಪುವುದು. ಇವು ಮೂರು ತಿರುಗಾಟ. ಈ ಆರರಲ್ಲಿ ಏರಿಳಿತ, ಹೊರಳಾಟ, ಮೂತಿಯ ಏಳುಬೀಳು ಇವಿಷ್ಟಕ್ಕೆ ಮಾತ್ರ ನೀರು ತಾನಾಗಿ ತಿದ್ದುಪಡಿ ಮಾಡುತ್ತದೆ. ಮುಳುಗಿದ್ದನ್ನು ಎತ್ತುತ್ತದೆ, ವಾಲಿದ್ದನ್ನು ನೆಟ್ಟಗೆ ಮಾಡುತ್ತದೆ. ಹಾಗೆ ತಿರುಗಿ ಬರುವ ಪ್ರತಿಯೊಂದು ಚಲನೆಗೂ ತನ್ನದೇ ಒಂದು ಅವಧಿ ಇರುತ್ತದೆ.

ಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ಜೀಕುವವರ ಬಲಕ್ಕಿಂತ ಜೀಕುವ ಹೊತ್ತು ದೊಡ್ಡದು; ಜೋಕಾಲಿಯ ತಾಳಕ್ಕೆ ಸರಿಯಾಗಿ ಕೈಹಾಕಿದರೆ ಹುಡುಗಿಯೊಬ್ಬಳು ದೊಡ್ಡವರನ್ನೂ ಕೊಂಬೆಯೆತ್ತರಕ್ಕೆ ತೂಗಬಲ್ಲಳು. ತೆರೆಯ ಅವಧಿ ಹಡಗಿನ ಹೊರಳಾಟದ ಅವಧಿಗೆ ಕೂಡಿಬಂದಾಗ ಆಗುವುದೂ ಅದೇ. ಸಾಧಾರಣ ತೆರೆಯೂ ಆಗ ಹಡಗನ್ನು ಸುತ್ತಿನಿಂದ ಸುತ್ತಿಗೆ ಹೆಚ್ಚು ಹೆಚ್ಚು ವಾಲಿಸುತ್ತದೆ.

ಹೊರಳಾಟದ ಅವಧಿಯನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು ಸಂಗತಿ. ಒಂದು ಹಡಗಿನ ಅಗಲ, ಇನ್ನೊಂದು ಮೆಟಾಸೆಂಟ್ರಿಕ್ ಎತ್ತರ. ಎರಡನೆಯದು ಹಡಗಿನ ಸ್ಥಿರತೆಯ ಅಳತೆ. ಭಾರ ಕೆಳಗಿದ್ದಷ್ಟೂ ಅದು ದೊಡ್ಡದು, ಭಾರ ಮೇಲೇರಿದಷ್ಟೂ ಸಣ್ಣದು. ಸೊನ್ನೆಗಿಂತ ಕೆಳಗಿಳಿದರೆ ಹಡಗು ನೆಟ್ಟಗೆ ನಿಲ್ಲುವುದೇ ಇಲ್ಲ. ಸ್ಥೂಲವಾಗಿ ಹೇಳುವುದಾದರೆ, ಅಗಲವನ್ನು 0.8ರಿಂದ ಗುಣಿಸಿ ಈ ಎತ್ತರದ ವರ್ಗಮೂಲದಿಂದ ಭಾಗಿಸಿದರೆ ಹೊರಳಾಟದ ಅವಧಿ ಸೆಕೆಂಡಿನಲ್ಲಿ ಸಿಗುತ್ತದೆ. ಮೂರು ಮೀಟರ್ ಅಗಲದ ದೋಣಿ, ಮೆಟಾಸೆಂಟ್ರಿಕ್ ಎತ್ತರ ಒಂದು ಮೀಟರ್ ಎಂದುಕೊಳ್ಳಿ: ಅವಧಿ 2.4 ಸೆಕೆಂಡು. ಅನಗವಾಡಿಯ ಹಿನ್ನೀರಿಗೆ ನಾವು ಲೆಕ್ಕ ಹಾಕಿದ ತೆರೆಯ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಸಣ್ಣ ನೀರಿನ ಸಣ್ಣ ತೆರೆ ಸಣ್ಣ ದೋಣಿಗೆ ಸಾಕಷ್ಟು ದೊಡ್ಡದೇ. ಹಿನ್ನೀರಲ್ಲಿ ಸಮುದ್ರದಂಥ ತೆರೆ ಎಲ್ಲಿಂದ ಬರಬೇಕು ಎಂಬ ಧೈರ್ಯ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಈ ಸೂತ್ರವನ್ನು ತಿರುವಿ ಓದಿದರೆ ಇನ್ನೂ ಉಪಯೋಗಕ್ಕೆ ಬರುತ್ತದೆ. ದಂಡೆಯ ಹತ್ತಿರ ನಿಶ್ಚಲ ನೀರಿನಲ್ಲಿ ದೋಣಿಯನ್ನು ಒಮ್ಮೆ ವಾಲಿಸಿ ಬಿಟ್ಟು, ಎಡದಿಂದ ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬರಲು ಎಷ್ಟು ಹೊತ್ತಾಯಿತೆಂದು ಗಡಿಯಾರದಲ್ಲಿ ನೋಡಿದರೆ ಸ್ಥಿರತೆ ಎಷ್ಟಿದೆ ಎಂಬುದು ತಿಳಿಯುತ್ತದೆ. ಸಣ್ಣ ಹಡಗುಗಳಿಗೆ ಅಂತರರಾಷ್ಟ್ರೀಯ ನಿಯಮಾವಳಿಯೂ ಒಪ್ಪಿದ ಪರೀಕ್ಷೆ ಇದು. ಅದೇ ದೋಣಿಗೆ ಜನರನ್ನು ನಿಲ್ಲಿಸಿ, ಬೈಕು ಏರಿಸಿದ ಮೇಲೆ 2.4 ಸೆಕೆಂಡಿನ ಅವಧಿ 4.8ಕ್ಕೆ ಏರಿತು ಎಂದರೆ ಸ್ಥಿರತೆ ಅರ್ಧವಾಗಿಲ್ಲ, ಕಾಲುಭಾಗಕ್ಕೆ ಇಳಿದಿದೆ. ಕೂತವರಿಗೆ ಮಾತ್ರ ಹಿತವಾಗಿರುತ್ತದೆ, ಏಕೆಂದರೆ ದೋಣಿ ನಿಧಾನವಾಗಿ, ಮೆತ್ತಗೆ ತೂಗುತ್ತದೆ. ಚುರುಕಾಗಿ ಜಗ್ಗಿ ನೆಟ್ಟಗಾಗುವ ದೋಣಿ ಹೊಟ್ಟೆ ತೊಳಸುತ್ತದೆ, ಆದರೆ ದಡ ಮುಟ್ಟಿಸುತ್ತದೆ. ವಾಲಿ, ಒಂದು ಕ್ಷಣ ಯೋಚಿಸಿದ ಹಾಗೆ ನಿಂತು ಆಮೇಲೆ ಹಿಂದಿರುಗುವ ದೋಣಿಯೇ ಅಪಾಯದ್ದು. ರಬಕವಿ–ಮಹಿಷವಾಡಗಿ ನಡುವೆ ಬೋಟು ಹತ್ತಿ ಕೃಷ್ಣೆ ದಾಟುವ ರೂಢಿ ಇರುವ ಜನಕ್ಕೆ ಇದು ಗೊತ್ತಿರಬೇಕಾದ ಸಂಗತಿ.

ಈ ಅವಧಿಗಳ ಆಟವನ್ನು ಮೊದಲು ಶಾಸ್ತ್ರಬದ್ಧವಾಗಿ ಹಿಡಿದವನು ಇಂಗ್ಲೆಂಡಿನ ವಿಲಿಯಂ ಫ್ರೌಡ್. ಅಂದಿಗೆ ಜಗತ್ತಿನ ಅತಿ ದೊಡ್ಡ ಹಡಗಾಗಿದ್ದ 'ಗ್ರೇಟ್ ಈಸ್ಟರ್ನ್' ತೆರೆಯಲ್ಲಿ ಹೇಗೆ ಹೊರಳೀತು ಎಂದು ತಿಳಿಯುವ ಕೆಲಸವನ್ನು ಅದರ ಶಿಲ್ಪಿ ಬ್ರೂನೆಲ್ ಅವನಿಗೆ ಒಪ್ಪಿಸಿದ್ದ. 1861ರಲ್ಲಿ ಫ್ರೌಡ್ ತನ್ನ ಸಿದ್ಧಾಂತ ಮಂಡಿಸಿದ. 1872ರ ಹೊತ್ತಿಗೆ ಟಾರ್ಕಿಯ ತನ್ನ ಮನೆಯ ಹತ್ತಿರ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ ಮೇಣದ ಮಾದರಿಗಳನ್ನು ಎಳೆಯತೊಡಗಿದ. ಮಾದರಿಯನ್ನು ಎಷ್ಟು ಕಿರಿದು ಮಾಡುತ್ತೇವೋ ಅದರ ವರ್ಗಮೂಲದಷ್ಟು ಕಾಲವೂ ಕಿರಿದಾಗಬೇಕು ಎಂಬುದು ಅವನು ಬಿಟ್ಟುಹೋದ ನಿಯಮ. 144 ಮೀಟರ್ ಹಡಗಿನ ನಾಲ್ಕು ಮೀಟರ್ ಮಾದರಿ ಮಾಡಿದರೆ ಅಳತೆ 36ರಲ್ಲಿ ಒಂದು ಪಾಲು; ಆಗ ಎಲ್ಲವೂ ಆರು ಪಟ್ಟು ಬೇಗ ನಡೆಯುತ್ತದೆ. ಕಡಲಿನ ಹತ್ತು ಸೆಕೆಂಡಿನ ತೆರೆಯನ್ನು ತೊಟ್ಟಿಯಲ್ಲಿ 1.67 ಸೆಕೆಂಡಿಗೆ ಎಬ್ಬಿಸಬೇಕು.

ತೊಟ್ಟಿಯಲ್ಲಿ ತೆರೆಗಳು ಒಂದರ ಹಿಂದೊಂದು ಶಿಸ್ತಾಗಿ ಬರುತ್ತವೆ. ಕಡಲಿಗೆ ಆ ಶಿಸ್ತಿಲ್ಲ. ಎಲ್ಲೋ ದೂರದ ಬಿರುಗಾಳಿ ಎಬ್ಬಿಸಿದ ಉದ್ದ ತೆರೆ, ಇಲ್ಲಿನ ಗಾಳಿ ಎಬ್ಬಿಸಿದ ಗಿಡ್ಡ ತೆರೆ, ಓರೆಯಾಗಿ ಬಂದು ಸೇರುವ ಇನ್ನೊಂದು ಎಲ್ಲ ಕಲಸಿಕೊಂಡಿರುತ್ತವೆ. 1953ರಲ್ಲಿ ಸೇಂಟ್ ಡೆನಿಸ್ ಮತ್ತು ಪಿಯರ್ಸನ್ ಎಂಬಿಬ್ಬರು ಈ ಗೋಜಲಿಗೆ ದಾರಿ ತೋರಿಸಿದರು. ಗೋಜಲು ಕಡಲನ್ನು ಬೇರೆ ಬೇರೆ ಅವಧಿಯ ಸರಳ ತೆರೆಗಳ ಮೊತ್ತವೆಂದು ಬಗೆಯಿರಿ. ಪ್ರತಿಯೊಂದು ಸರಳ ತೆರೆಗೂ ಹಡಗು ಎಷ್ಟು ಆಡುತ್ತದೆಂದು ಬೇರೆ ಬೇರೆಯಾಗಿ ಲೆಕ್ಕ ಹಾಕಿ. ಕೊನೆಗೆ ಎಲ್ಲವನ್ನೂ ಕೂಡಿಸಿ. ಇಂದಿಗೂ ಹಡಗಿನ ಚಲನೆಯ ಬಹುಪಾಲು ಲೆಕ್ಕ ನಿಂತಿರುವುದು ಇದರ ಮೇಲೆ.

ಹಾಗೆ ಕೂಡಿಸಿದಾಗ ಬರುವ ಉತ್ತರ ಸಂಭವದ ಭಾಷೆಯಲ್ಲಿರುತ್ತದೆ. ಹವಾಮಾನ ಸೂಚನೆಯಲ್ಲಿ 'ತೆರೆ ಮೂರು ಮೀಟರ್' ಎಂದಾಗ ಅದು ಅತಿ ದೊಡ್ಡ ತೆರೆಯ ಮಾತಲ್ಲ. ಎತ್ತರದ ಪ್ರಕಾರ ಜೋಡಿಸಿದರೆ ಮೇಲಿನ ಮೂರನೇ ಒಂದು ಪಾಲಿನ ತೆರೆಗಳ ಸರಾಸರಿ ಅದು. ಅಂಥ ಕಡಲಲ್ಲಿ ಸಾವಿರ ತೆರೆ ಹಾದುಹೋಗುವ ಹೊತ್ತಿಗೆ, ಅಂದರೆ ಮೂರು ಗಂಟೆಯೊಳಗೇ, ಐದೂವರೆ ಮೀಟರ್ ದಾಟುವ ಒಂದನ್ನಾದರೂ ನಿರೀಕ್ಷಿಸಬೇಕು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನುಗಾರರಿಗೆ ಕೊಡುವ ಕಡಲ ಮುನ್ಸೂಚನೆಯನ್ನೂ ಹೀಗೆಯೇ ಓದಬೇಕು.

ಇನ್ನು ಕಂಪ್ಯೂಟರಿನ ಒಳಗೆ ನಡೆಯುವುದೇನು? ಮೂಲದಲ್ಲಿ ಅದು ಕಾಲೇಜಿನ ನ್ಯೂಟನ್ ನಿಯಮವೇ: ಬಲ ಎಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಬಲಗಳನ್ನು ಪಟ್ಟಿ ಮಾಡುವುದರಲ್ಲಿ ಕಷ್ಟವಿದೆ. ಹಡಗು ಅಲುಗಿದರೆ ಸುತ್ತಲಿನ ನೀರೂ ಅಲುಗಬೇಕು. ಆ ನೀರಿನ ಜಡತ್ವ ಹಡಗಿನ ತೂಕಕ್ಕೆ ಸೇರಿಕೊಳ್ಳುತ್ತದೆ. ಮೇಲೆ–ಕೆಳಗಿನ ಚಲನೆಯಲ್ಲಿ ಈ ಹೆಚ್ಚುವರಿ ತೂಕ ಹಡಗಿನ ಸ್ವಂತ ತೂಕದಷ್ಟೇ ಆಗುವುದುಂಟು. ಅಲುಗಿದ ಹಡಗು ತಾನೂ ತೆರೆ ಎಬ್ಬಿಸಿ ದೂರ ಕಳಿಸುತ್ತದೆ. ಹಾಗೆ ಹೋದ ಶಕ್ತಿ ಚಲನೆಯನ್ನು ತಗ್ಗಿಸುತ್ತದೆ. ಇವುಗಳ ಮೇಲೆ ಎದುರಿಂದ ಬರುವ ತೆರೆಯ ಒತ್ತಡ, ಹಡಗಿಗೆ ಬಡಿದು ಚದುರುವ ತೆರೆಯ ಒತ್ತಡ. ಹಡಗನ್ನು ಉದ್ದಕ್ಕೂ ಹತ್ತಿಪ್ಪತ್ತು ತೆಳು ಹೋಳುಗಳಾಗಿ ವಿಂಗಡಿಸಿ ಪ್ರತಿ ಹೋಳಿಗೂ ಈ ಬಲ ಕಂಡುಹಿಡಿದು ಕೂಡಿಸುವ ವಿಧಾನವನ್ನು 1970ರಲ್ಲಿ ಸಾಲ್ವೆಸನ್, ಟಕ್, ಫಾಲ್ಟಿನ್ಸೆನ್ ಮೂವರು ಪಕ್ವಗೊಳಿಸಿದರು. ಇಂದಿನ ಲ್ಯಾಪ್‌ಟಾಪಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಹಡಗಿನ ಮೈಯನ್ನು ಸಾವಿರಾರು ಚಿಕ್ಕ ಫಲಕಗಳಾಗಿ ಒಡೆದು ಲೆಕ್ಕ ಹಾಕುವ ತಂತ್ರಾಂಶಗಳು ಆಮೇಲೆ ಬಂದವು. ಫ್ರಾನ್ಸಿನ ನಾಂಟ್ ನಗರದಲ್ಲಿ ರೂಪುಗೊಂಡ 'ನೀಮೋ' ಅಂಥದ್ದು. ಅದು 2014ರಿಂದ ಎಲ್ಲರಿಗೂ ಮುಕ್ತವಾಗಿದೆ. ಬಾಗಲಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಇಳಿಸಿಕೊಂಡು ಒಂದು ಬಾರ್ಜನ್ನು ತೆರೆಗೆ ಒಡ್ಡಿ ನೋಡಬಹುದು.

ಏರಿಳಿತ ಮತ್ತು ಮೂತಿಯ ಏಳುಬೀಳಿನಲ್ಲಿ ಈ ಲೆಕ್ಕ ಅಳತೆಗೆ ಚೆನ್ನಾಗಿ ತಾಳೆಯಾಗುತ್ತದೆ. ಹೊರಳಾಟದಲ್ಲಿ ಎಡವುತ್ತದೆ. ಹೊರಳುವ ಹಡಗು ಎಬ್ಬಿಸುವ ತೆರೆ ತೀರಾ ಸಣ್ಣದು. ಹೊರಳಾಟವನ್ನು ತಡೆಯುವುದು ತಳದ ಮೂಲೆಗಳಲ್ಲಿ ಏಳುವ ಸುಳಿಗಳು ಮತ್ತು ನೀರಿನ ಉಜ್ಜುವಿಕೆ. ನೀರಿಗೆ ಜಿಗುಟೇ ಇಲ್ಲವೆಂದು ಭಾವಿಸಿ ಕಟ್ಟಿದ ಗಣಿತಕ್ಕೆ ಸುಳಿ ಕಾಣುವುದಿಲ್ಲ. ಹಾಗಾಗಿ ತೊಟ್ಟಿಯ ಪರೀಕ್ಷೆಯಿಂದ ಪಡೆದ ಸಂಖ್ಯೆಗಳನ್ನು ಲೆಕ್ಕದೊಳಗೆ ಕೈಯಾರೆ ಸೇರಿಸಬೇಕಾಗುತ್ತದೆ.

ಎರಡನೆಯ ಎಡವು ಇನ್ನೂ ಸೂಕ್ಷ್ಮ. 1998ರ ಅಕ್ಟೋಬರಿನಲ್ಲಿ 'ಎಪಿಎಲ್ ಚೀನಾ' ಎಂಬ ಕಂಟೇನರ್ ಹಡಗು ಉತ್ತರ ಪೆಸಿಫಿಕ್‌ನಲ್ಲಿ ತೆರೆಗಳಿಗೆ ಮುಖಕೊಟ್ಟೇ ಹೋಗುತ್ತಿತ್ತು. ಎದುರು ತೆರೆಗೆ ಹಡಗು ಹೊರಳಬಾರದು. ಆದರೂ ಅದು ಭೀಕರವಾಗಿ ಹೊರಳಿ ನೂರಾರು ಕಂಟೇನರುಗಳನ್ನು ಕಡಲಿಗೆ ಚೆಲ್ಲಿತು. ತೆರೆಯ ನೆತ್ತಿ ಹಡಗಿನ ನಡುವಿಗೆ ಬಂದಾಗ ಅಗಲವಾದ ಮೂತಿ ಮತ್ತು ಹಿಂಬದಿಯಿಂದ ನೀರು ಇಳಿದು ಸ್ಥಿರತೆ ಕುಗ್ಗುತ್ತದೆ. ತೆರೆಯ ತಗ್ಗು ನಡುವಿಗೆ ಬಂದಾಗ ಮತ್ತೆ ಹಿಗ್ಗುತ್ತದೆ. ಒಂದು ಹೊರಳಿಗೆ ಎರಡು ಬಾರಿ ಹೀಗಾದರೆ ಹೊರಳಾಟ ತಾನಾಗಿ ಬೆಳೆಯುತ್ತದೆ. ಸ್ಥಿರತೆಯನ್ನು ಬದಲಾಗದ ಒಂದು ಸಂಖ್ಯೆ ಎಂದು ಹಿಡಿದ ಹಳೆಯ ಲೆಕ್ಕಕ್ಕೆ ಇದು ಕಾಣುವಂತೆಯೇ ಇರಲಿಲ್ಲ. ಈಗಿನ ತಂತ್ರಾಂಶಗಳು ಕ್ಷಣಕ್ಷಣಕ್ಕೂ ಮುಳುಗಿದ ಭಾಗವನ್ನು ಅಳೆಯುತ್ತ ಹೋಗುವುದರಿಂದ ಅವುಗಳ ಕಣ್ಣಿಗೆ ಬೀಳುತ್ತದೆ. ಸುಳಿ, ನೊರೆ, ಡೆಕ್ಕಿನ ಮೇಲೆ ನುಗ್ಗುವ ನೀರು ಎಲ್ಲವನ್ನೂ ಹಿಡಿಯಬೇಕೆಂದರೆ ನೀರನ್ನೇ ಲಕ್ಷಾಂತರ ತುಣುಕುಗಳಾಗಿಸಿ ಲೆಕ್ಕ ಹಾಕಬೇಕು. ಅಂಥ ಲೆಕ್ಕದಲ್ಲಿ ಕಡಲಿನ ಕೆಲವೇ ನಿಮಿಷಗಳಿಗೆ ದೊಡ್ಡ ಕಂಪ್ಯೂಟರಿನ ದಿನಗಳೇ ಬೇಕು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ನೆಲೆ ಇಲ್ಲದಿಲ್ಲ. ಖರಗ್‌ಪುರದ ಐಐಟಿಯಲ್ಲಿ 1952ರಿಂದ ಹಡಗು ಶಿಲ್ಪ ಕಲಿಸುತ್ತಿದ್ದಾರೆ. ಮದ್ರಾಸ್ ಐಐಟಿಯಲ್ಲಿ ಸಾಗರ ಎಂಜಿನಿಯರಿಂಗ್ ವಿಭಾಗವಿದೆ. ವಿಶಾಖಪಟ್ಟಣದ ನೌಕಾ ಪ್ರಯೋಗಾಲಯದಲ್ಲಿ ಎಲ್ಲ ದಿಕ್ಕಿನ ತೆರೆಗೂ ಮಾದರಿ ಹಡಗನ್ನು ಒಡ್ಡುವ ದೊಡ್ಡ ಕೊಳವಿದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಸುಮಾರು 50 ಮೀಟರ್ ಉದ್ದದ ತೆರೆ ಕಾಲುವೆ ಇದ್ದು, ಅಲೆತಡೆ ಗೋಡೆಗಳ ಮಾದರಿಗಳನ್ನು ಅಲ್ಲಿ ಪರೀಕ್ಷಿಸುತ್ತಾರೆ. ಆ ಕಾಲೇಜಿಗೆ ಹತ್ತಿರದ ನವಮಂಗಳೂರು ಬಂದರಿನಿಂದಲೇ ನಮ್ಮ ಪಾಠದ ಹಡಗು ಹೊರಟದ್ದು.

2009ರ ಜುಲೈ 17. ಹಾಂಗ್‌ಕಾಂಗ್ ಧ್ವಜದ 'ಏಷ್ಯನ್ ಫಾರೆಸ್ಟ್' ಸುಮಾರು 13,600 ಟನ್ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಚೀನಾದ ಕಡೆ ಹೊರಟಿತು. ಬಂದರು ಬಿಟ್ಟ ಮರುದಿನವೇ ವಾಲಿ ಮುಳುಗಿತು. ಸಿಬ್ಬಂದಿಯ 18 ಮಂದಿಯೂ ಬದುಕಿದರು. ಅದೇ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪದ ಬಳಿ 'ಬ್ಲ್ಯಾಕ್ ರೋಸ್' ಕೂಡ ಅದಿರಿನ ಪುಡಿ ಹೊತ್ತೇ ಮಗುಚಿತು. ಆ ವರ್ಷಗಳಲ್ಲಿ ನವಮಂಗಳೂರಿನಿಂದ ಚೀನಾಕ್ಕೆ ಹೋಗುತ್ತಿದ್ದ ಅದಿರು ಹೆಚ್ಚಾಗಿ ಬಳ್ಳಾರಿ–ಸಂಡೂರು–ಹೊಸಪೇಟೆ ಸೀಮೆಯದು. ಬೆಲೆ ಏರಿತ್ತು, ಲಾರಿಗಳು ಹಗಲಿರುಳು ಓಡುತ್ತಿದ್ದವು, ಮಳೆಗಾಲದಲ್ಲೂ ಸಾಗಾಟ ನಿಲ್ಲಲಿಲ್ಲ.

ಅದಿರಿನ ಪುಡಿ ನೋಡಲು ಗಟ್ಟಿ ರಾಶಿ. ಅದರ ಕಣಗಳ ನಡುವೆ ಗಾಳಿಯೂ ನೀರೂ ಇರುತ್ತವೆ. ಎಂಜಿನ್ನಿನ ನಡುಕ, ತೆರೆಯ ಹೊಡೆತ ಬೀಳುತ್ತಿದ್ದಂತೆ ಕಣಗಳು ಒತ್ತೊತ್ತಾಗಿ ಕೂರುತ್ತವೆ. ಇದ್ದ ನೀರಿಗೆ ಜಾಗ ಸಾಲದೆ ಅದರ ಒತ್ತಡ ಏರುತ್ತದೆ. ಆ ಒತ್ತಡ ಕಣಗಳನ್ನು ಒಂದರಿಂದೊಂದು ಬಿಡಿಸಿದ ಗಳಿಗೆಯಲ್ಲಿ ಇಡೀ ರಾಶಿ ಕೆಸರಾಗಿ ಹರಿಯುತ್ತದೆ. ಅದಿರು ಬಲು ಭಾರವಾದ್ದರಿಂದ ಹಡಗಿನ ಉಗ್ರಾಣದ ತಳದ ಸ್ವಲ್ಪ ಭಾಗವಷ್ಟೇ ತುಂಬಿರುತ್ತದೆ. ಮೇಲೆ ಹರಿದಾಡಲು ಬೇಕಾದಷ್ಟು ಜಾಗ. ಎಡಕ್ಕೆ ಹೊರಳಿದಾಗ ಕೆಸರು ಎಡಕ್ಕೆ ಹೋಗುತ್ತದೆ, ಬಲಕ್ಕೆ ಹೊರಳಿದಾಗ ಅಷ್ಟೂ ತಿರುಗಿ ಬರುವುದಿಲ್ಲ. ಪ್ರತಿ ಹೊರಳಿಗೂ ಒಂದಿಷ್ಟು ಬಾಕಿ ಉಳಿಯುತ್ತ ಹೋಗಿ ಹಡಗು ಒಂದೇ ಕಡೆ ವಾಲುತ್ತದೆ.

ತಳದಲ್ಲಿ ಭಾರವಿರುವ ಹಡಗಿಗೆ ಸ್ಥಿರತೆ ಹೆಚ್ಚಬೇಕಲ್ಲವೇ? ಹೌದು, ಕಾಗದದ ಮೇಲೆ ಅದಿರು ಹಡಗು ಬಹಳ ಸ್ಥಿರ. 20 ಮೀಟರ್ ಅಗಲ, ಎರಡೂವರೆ ಮೀಟರ್ ಮೆಟಾಸೆಂಟ್ರಿಕ್ ಎತ್ತರ ಇರುವ ಹಡಗನ್ನು ನಮ್ಮ ಸೂತ್ರಕ್ಕೆ ಹಾಕಿ ನೋಡಿ: ಹೊರಳಾಟದ ಅವಧಿ ಹತ್ತು ಸೆಕೆಂಡು. ಮಳೆಗಾಲದ ಅರಬ್ಬಿ ಸಮುದ್ರದ ತೆರೆಯ ಅವಧಿಯೂ ಅದೇ. ಸ್ಥಿರತೆಯೇ ಹಡಗನ್ನು ತೆರೆಯ ತಾಳಕ್ಕೆ ಕೂಡಿಸುತ್ತದೆ; ಆ ಚುರುಕಾದ ಹೊರಳಾಟ ಅದಿರನ್ನು ಇನ್ನಷ್ಟು ಕುಲುಕುತ್ತದೆ; ಕುಲುಕಿದ ಅದಿರು ಕೆಸರಾಗಿ ಸ್ಥಿರತೆಯನ್ನೇ ತಿನ್ನುತ್ತದೆ. ತೈಲ ಹಡಗಿನಲ್ಲಿ ಉದ್ದಕ್ಕೂ ಒಂದು ನಡುಗೋಡೆ ಎಬ್ಬಿಸಿದರೆ ದ್ರವದ ಓಲಾಟದಿಂದಾಗುವ ಸ್ಥಿರತೆಯ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಅದಿರು ಹೊರುವ ಸಾಮಾನ್ಯ ಹಡಗಿನ ಉಗ್ರಾಣಕ್ಕೆ ಆ ಗೋಡೆ ಇರುವುದಿಲ್ಲ.

ಇಂಥ ಮುಳುಗಡೆಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಲು ಸಂಶೋಧಕರು ದುಡಿಯುತ್ತಿದ್ದಾರೆ. ತೆರೆ ಹಡಗನ್ನು, ಹಡಗು ಸರಕನ್ನು, ಸರಕು ಮತ್ತೆ ಹಡಗನ್ನು ಆಡಿಸುವ ಸುತ್ತುಬಳಸಿನ ಲೆಕ್ಕ ಅದು. ಲೆಕ್ಕ ಎಷ್ಟೇ ಹದವಾಗಿರಲಿ, ಸರಕಿನಲ್ಲಿ ತೇವ ಎಷ್ಟಿತ್ತು ಎಂಬ ಸಂಖ್ಯೆಯನ್ನು ಯಾವ ತಂತ್ರಾಂಶವೂ ಹುಟ್ಟಿಸಲಾರದು. ಅದನ್ನು ಹೊರಗಿನಿಂದ ಕೊಡಬೇಕು. ರಾಶಿಯ ಪಕ್ಕ ನಿಂತು ಮಾದರಿ ತೆಗೆದವರೇ ಕೊಡಬೇಕು.

ಅಂತರರಾಷ್ಟ್ರೀಯ ನಿಯಮ ಸ್ಪಷ್ಟವಾಗಿದೆ. ಅದಿರು ಎಷ್ಟು ತೇವಕ್ಕೆ ಹರಿಯತೊಡಗುತ್ತದೆಂದು ಪ್ರಯೋಗಾಲಯದಲ್ಲಿ ಕಂಡುಹಿಡಿದು, ಒಂದು ವಿಧಾನದ ಪ್ರಕಾರ ಅದರ ನೂರಕ್ಕೆ 90 ಭಾಗವನ್ನು ಸಾಗಾಟದ ಮಿತಿ ಎಂದು ಹಿಡಿಯಬೇಕು. ಹರಿಯುವ ತೇವ ನೂರಕ್ಕೆ 10 ಇದ್ದರೆ ಮಿತಿ 9. ಈ ಒಂದಂಶದ ಅಂತರ ಸಣ್ಣದೆನಿಸಬಹುದು. 13,600 ಟನ್ನಿಗೆ ಅದು 136 ಟನ್ ನೀರು, ಅಂದರೆ 12,000 ಲೀಟರಿನ ಹನ್ನೊಂದು ಟ್ಯಾಂಕರಿಗಿಂತ ಹೆಚ್ಚು. ತೇವದ ಮಾದರಿ ತೆಗೆದು ಏಳು ದಿನದೊಳಗೆ ಸರಕು ಹತ್ತಿಸಬೇಕು. ನಡುವೆ ಜೋರು ಮಳೆ ಬಿದ್ದರೆ ಮತ್ತೆ ಅಳೆಯಬೇಕು. ಹಡಗಿನ ಮೇಲೆ ನಿಂತವರಿಗೂ ಒಂದು ಪರೀಕ್ಷೆ ಇದೆ: ಒಂದು ಡಬ್ಬಿಗೆ ಅರ್ಧ ಅದಿರು ತುಂಬಿ, ಇಪ್ಪತ್ತು ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಇಪ್ಪತ್ತೈದು ಬಾರಿ ಕುಟ್ಟಿ. ಮೇಲೆ ನೀರು ಜಿನುಗಿದರೆ ಆ ಅದಿರನ್ನು ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸದೆ ಹತ್ತಿಸುವಂತಿಲ್ಲ. ಜಿನುಗದಿದ್ದ ಮಾತ್ರಕ್ಕೆ ಸುರಕ್ಷಿತ ಎಂದೇನೂ ಅಲ್ಲ.

2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. ಕಾರಣ ಬೇರೆಯಿದ್ದರೂ ಒದ್ದೆ ಅದಿರಿನ ಪ್ರಶ್ನೆ ಆಗ ಮರೆಗೆ ಸರಿಯಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಕರ್ನಾಟಕದ ಅದಿರನ್ನು ಹೊರದೇಶಕ್ಕೆ ಕಳಿಸಲು ಒಪ್ಪಿಗೆ ಕೊಟ್ಟಿದೆ. ಹಾಗಾಗಿ ಪ್ರಶ್ನೆ ಮತ್ತೆ ಜೀವಂತ.

ಹಡಗಿನ ಲೆಕ್ಕಕ್ಕೆ ಬೇಕಾದ ಸಂಖ್ಯೆಗಳು ಮೂರು ಕಡೆಯಿಂದ ಬರುತ್ತವೆ. ತೆರೆಯದು ಉಪಗ್ರಹ ಮತ್ತು ಕಡಲ ಬೋಯಾಗಳಿಂದ. ಹಡಗಿನದು ಅದನ್ನು ಕಟ್ಟಿದವರ ನಕ್ಷೆಯಿಂದ. ಸರಕಿನದು ಅದಿರು ರಾಶಿಗಳ ಅಂಗಳದಿಂದ. ಮೊದಲೆರಡನ್ನು ನೂರೈವತ್ತು ವರ್ಷಗಳ ಗಣಿತ ಹದಗೊಳಿಸಿದೆ. ಅತಿ ಅಗ್ಗವಾದ ಮೂರನೆಯದು ಮಾತ್ರ ಇಂದಿಗೂ ಅವಸರಕ್ಕೆ, ಬೆಲೆಯ ಏರಿಕೆಗೆ, ಮೇಲಿನವರ ಒತ್ತಾಯಕ್ಕೆ ಬಾಗುತ್ತದೆ. ಮುಂದಿನ ಮಳೆಗಾಲಕ್ಕೆ ನಮ್ಮ ಬಂದರುಗಳಿಗೆ ಬೇಕಾದ ಸುಧಾರಣೆ ಇನ್ನೊಂದು ದುಬಾರಿ ತಂತ್ರಾಂಶದಿಂದ ಆಗುವಂಥದ್ದಲ್ಲ. ಡಬ್ಬಿ ಹಿಡಿದು ಮಾದರಿ ತೆಗೆಯುವ ನೌಕರ, ಸರಕಿನ ಮಾಲೀಕನ ಮುಂದೆ ನಿಂತು 'ಈ ರಾಶಿ ಇವತ್ತು ಹತ್ತಿಸುವಂತಿಲ್ಲ' ಎಂದರೆ ಆ ಮಾತು ನಡೆಯಬೇಕು. ಹಾಗೆ ಹೇಳಿದ ಮೇಲೂ ಅವನ ಕೆಲಸ ಉಳಿಯಬೇಕು.